ಲಿಂಗ ಕಟ್ಟುವಾಗ ಕೇಳದ ಪ್ರಶ್ನೆ

(ಯಲಬುರ್ಗಾ ತಾಲ್ಲೂಕಿನ ಮಠವೊಂದರ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಕರಪತ್ರದಲ್ಲಿ ನನ್ನ ಉಪನ್ಯಾಸದ ವಿಷಯ ‘ಮಕ್ಕಳಲ್ಲಿ ಶರಣ ಸಂಸ್ಕಾರ’ ಎಂದು ಅಚ್ಚಾಗಿದೆ. ನಿನ್ನೆ ಸಂಜೆ ಅಜ್ಜಾರ ಹತ್ತಿರ ಬಂದು, ‘ಬುದ್ಧೀ, ಈ ವಿಷಯದ ಮೇಲೆ ಮಾತಾಡುವ ಯೋಗ್ಯತೆ ನನಗೆ ಸದ್ಯಕ್ಕಿಲ್ಲ, ನನ್ನ ಮೊಮ್ಮಗನ ವಿಷಯ ಮಾತಾಡ್ತೀನಿ’ ಎಂದೆ. ಅವರು ನಕ್ಕು, ‘ಅದೇ ಆಗಲಿ ತಾಯಿ, ಅನುಭವ ಅಂದ್ರೆ ಅದೇ ಅಲ್ಲವೇನು’ ಎಂದರು. ಆ ಧೈರ್ಯದ ಮೇಲೆ ನಿಂತಿದ್ದೇನೆ.

ನನ್ನ ಮಗ, ಸೊಸೆ ಕೊಪ್ಪಳದಲ್ಲಿ ಇರುತ್ತಾರೆ. ನಿವೃತ್ತಿಯಾದ ಮೇಲೆ ನಾನೂ ಅವರ ಜೊತೆಗೇ ಇದ್ದೇನೆ. ಮೊಮ್ಮಗನಿಗೆ ಆರು ವರ್ಷ ತುಂಬಿದಾಗ ಊರಿನ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಒಂದನೇ ಇಯತ್ತೆಗೆ ಹಚ್ಚಿದೆವು. ಶಾಲೆಯ ಹೆಸರು ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ನಡೆಸುವವರು ನಮ್ಮವರೇ, ಆಫೀಸಿನ ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಫೋಟೋ ಇದೆ, ದಿನಾ ಹೂವು ಏರಿಸುತ್ತಾರೆ.

ಜೂನ್ ಮುಗಿಯುವುದರೊಳಗೆ ಮೊದಲ ಫೋನು ಬಂತು. ‘ನಿಮ್ಮ ಹುಡುಗ ಬಾಜೂಕ್ಕ ಕುಂತ ಹುಡುಗನ ಕೈ ಕಡದಾನ, ಬಂದು ಕರಕೊಂಡು ಹೋಗ್ರಿ.’ ಮರುವಾರ ಮತ್ತೊಂದು: ಪಾಟಿಚೀಲ ಕಿಟಕಿಯಿಂದ ಹೊರಗೆ ಒಗೆದಿದ್ದ. ಆಮೇಲೆ ಬೆಂಚಿನ ಕೆಳಗೆ ಹೊಕ್ಕು ಕೂತವನು ಒಂದು ತಾಸು ಹೊರಗೆ ಬರಲಿಲ್ಲ. ಮೊಬೈಲಿನಲ್ಲಿ ಶಾಲೆಯ ಹೆಸರು ಕಂಡರೆ ಸೊಸೆಯ ಕೈ ನಡುಗುವಂತಾಯಿತು. ಒಲೆಯ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು ಓಡುತ್ತಿದ್ದಳು.

ಮನೆಯಲ್ಲಿ ಏನಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಬಂದ ಬೀಗರು, ‘ತಾಯಿ ಸಲಿಗಿ ಕೊಟ್ಟಾಳ’ ಎಂದರು. ಓಣಿಯವರು, ‘ಮೊಬೈಲ್ ಕೊಟ್ಟು ಕೆಡಿಸ್ಯಾರ’ ಎಂದರು. ನಮ್ಮ ಪೈಕಿ ಹಿರಿಯರೊಬ್ಬರು, ಪ್ರತಿ ಸೋಮವಾರ ಗವಿಮಠಕ್ಕೆ ಬರುವವರು, ‘ಹಿಂದಿನ ಜನ್ಮದ ಲೆಕ್ಕ, ತೀರಲೇಬೇಕು’ ಎಂದರು. ಮಗ ಯಾರದೋ ಮಾತು ಕೇಳಿ ಒಂದು ತಾಯಿತ ತಂದು ಕಟ್ಟಿದ. ಕೊರಳಲ್ಲಿ ಇಷ್ಟಲಿಂಗ ಇರುವ ಕೂಸಿಗೆ ತೋಳಿನಲ್ಲಿ ತಾಯಿತ! ನಾನು ನೋಡಿಯೂ ಸುಮ್ಮನಿದ್ದೆ. 33 ವರ್ಷ ಮಾಸ್ತರಿಕೆ ಮಾಡಿದವಳು ನಾನು. ಒಂದು ದಿನ ಸಿಟ್ಟು ತಡೆಯದೆ ನಾನೇ ಅವನ ಕೆನ್ನೆಗೆ ಹೊಡೆದೆ. ಅವನು ಅಳಲಿಲ್ಲ. ಕೈ ಅಡ್ಡ ಹಿಡಿದು, ಇನ್ನೊಂದು ಏಟು ಬೀಳುತ್ತದೋ ಎಂದು ಕಾಯುತ್ತಿದ್ದ. ಆ ಕೈ ನೋಡಿದಾಗ ನನಗೆ ಬೇರೊಂದು ಹುಡುಗನ ನೆನಪಾಯಿತು.

1991ರಲ್ಲಿ ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿದ್ದೆ. ಕೊಪ್ಪಳ ಆಗ ಜಿಲ್ಲೆಯಾಗಿರಲಿಲ್ಲ, 1997ಕ್ಕೆ ಆಯಿತು. ನಾವೆಲ್ಲ ರಾಯಚೂರು ಜಿಲ್ಲೆಯವರು. ಮೂರನೇ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಬಾಯಿಲೆಕ್ಕ ಕೇಳಿದರೆ ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳುವವನು. ಪುಸ್ತಕ ತೆಗೆ ಎಂದರೆ ಮಾತ್ರ ಎದ್ದು ಓಡುವವನು. ಒಂದೂ ಸಾಲು ಓದುತ್ತಿರಲಿಲ್ಲ. ಲೆಕ್ಕ ಬರುವವನಿಗೆ ಅಕ್ಷರ ಯಾಕೆ ಬರುವುದಿಲ್ಲ, ಇದು ಸೊಕ್ಕು ಎಂದು ನಾನು ತೀರ್ಮಾನ ಮಾಡಿದ್ದೆ. ಬೇವಿನ ಬಡಿಗೆ ಮುರಿಯುವಂತೆ ಬಡಿದಿದ್ದೇನೆ. ದೀಪಾವಳಿ ರಜೆಯ ಮೇಲೆ ಅವನು ಬರಲಿಲ್ಲ. ಕೆಲ ದಿನ ನೋಡಿ ಹಾಜರಿಯಿಂದ ಹೆಸರು ಹೊಡೆದುಹಾಕಿದೆ. ನಿಜ ಹೇಳುತ್ತೇನೆ, ಅಂದು ತರಗತಿ ತಣ್ಣಗಾಯಿತು ಎಂದು ಸಮಾಧಾನವೂ ಆಗಿತ್ತು.

2019ರಲ್ಲಿ ಸಂಬಂಧಿಕರ ಮದುವೆಗೆ ಅಕ್ಕಿ ಕೊಳ್ಳಲು ಗಂಗಾವತಿಯ ಒಂದು ರೈಸ್‌ಮಿಲ್ಲಿಗೆ ಹೋಗಿದ್ದೆವು. ಹಮಾಲರ ಮುಖ್ಯಸ್ಥ ಒಬ್ಬ ಬಂದು ಕಾಲಿಗೆ ನಮಸ್ಕಾರ ಮಾಡಿದ. ‘ಆರಾಮದೀರೇನ್ರಿ ಅಕ್ಕೋರ?’ ಗುರುತು ಸಿಗಲಿಲ್ಲ. ಹೆಸರು ಹೇಳಿದ. ಅಷ್ಟರಲ್ಲಿ ನೆಲ್ಲಿನ ಟ್ರ್ಯಾಕ್ಟರ್ ಬಂತು. ‘48 ಚೀಲ, ಎಪ್ಪತ್ತೈದು ಕಿಲೋದ್ದು, ಮೂವತ್ತಾರು ಕ್ವಿಂಟಲ್ ಬರಕೋರಿ’ ಎಂದು ನಿಂತಲ್ಲೇ ಹೇಳಿದ. ಡ್ರೈವರ್ ಚೀಟಿ ಕೊಟ್ಟಾಗ ಮಾತ್ರ ಪಕ್ಕದ ಹುಡುಗನ ಕೈಗೆ ಕೊಟ್ಟು, ‘ಏನ್ ಬರದಾರ ಓದಪಾ’ ಎಂದ. ಹೊರಡುವಾಗ ನಗುತ್ತಲೇ ಕೇಳಿದ: ‘ಅಕ್ಕೋರ, ಆ ಬಡಿಗಿ ಇನ್ನೂ ಇಟ್ಟೀರೇನ್ರಿ?’

ಅವನು ಚೇಷ್ಟೆಗೆ ಕೇಳಿದ. ನನಗೆ ಅವತ್ತು ಅನ್ನ ಇಳಿಯಲಿಲ್ಲ.

ಮೊಮ್ಮಗನ ಕೆನ್ನೆಗೆ ಹೊಡೆದ ಮರುದಿನ ನಾನು ಕೊಪ್ಪಳದ ಬಿ.ಆರ್.ಸಿ. ಕಚೇರಿಗೆ ಹೋದೆ. ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಪ್ರತಿ ತಾಲ್ಲೂಕಿಗೆ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಬಿ.ಐ.ಇ.ಆರ್.ಟಿ. ಎನ್ನುತ್ತಾರೆ. ನಮ್ಮ ಜನರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಹೀಗೊಬ್ಬರು ಇದ್ದಾರೆಂಬುದೇ ಗೊತ್ತಿಲ್ಲ. ಗೊತ್ತಿದ್ದವರೂ ಅವರನ್ನು ಕಣ್ಣು ಕಾಣದವರಿಗೆ, ಕಾಲಿಲ್ಲದವರಿಗೆ ಎಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಆ ಶಿಕ್ಷಕಿ ನನ್ನ ಮಾತೆಲ್ಲ ಕೇಳಿ ಎರಡೇ ಮಾತು ಹೇಳಿದರು. ಮೊದಲನೆಯದು, ಜಿಲ್ಲಾ ಆಸ್ಪತ್ರೆಗೆ ಹೋಗಿ ಕಿವಿ, ಕಣ್ಣು ತೋರಿಸಿಕೊಂಡು ಬನ್ನಿ. ಅರ್ಧ ಕೇಳುವ ಮಗು ಹೇಳಿದ ಮಾತು ಕೇಳದ ಮಗುವಿನಂತೆಯೇ ಕಾಣುತ್ತದೆ. ಎರಡನೆಯದು, ಒಂದು ನೋಟ್‌ಬುಕ್ ಇಡಿ. ಅದರಲ್ಲಿ ಮೂರು ಮನೆ ಹಾಕಿ: ಆ ಗಲಾಟೆಗೆ ತುಸು ಮೊದಲು ಏನು ನಡೆದಿತ್ತು, ಹುಡುಗ ಏನು ಮಾಡಿದ, ಆಮೇಲೆ ದೊಡ್ಡವರು ಏನು ಮಾಡಿದರು. ಬೈಗುಳ ಬರೆಯಬೇಡಿ, ಕಾರಣ ಬರೆಯಬೇಡಿ, ಕಂಡದ್ದು ಮಾತ್ರ ಬರೆಯಿರಿ.

ಕಿವಿ, ಕಣ್ಣು ಸರಿ ಇದ್ದವು. ನೋಟ್‌ಬುಕ್ಕನ್ನು ಶಾಲೆಯ ತರಗತಿ ಶಿಕ್ಷಕಿಗೆ ಕೊಟ್ಟೆವು. ಡಿ.ಎಡ್. ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. ಪುಣ್ಯಾತ್ಗಿತ್ತಿ, ಮೂರು ವಾರ ಒಂದು ದಿನವೂ ಬಿಡದೆ ಬರೆದಳು. ಒಟ್ಟು 14 ಗಲಾಟೆ. ನಾನು, ಸೊಸೆ, ಸಂಪನ್ಮೂಲ ಶಿಕ್ಷಕಿ ಮೂವರೂ ಕೂತು ಓದಿದೆವು. ಮೊದಲ ಮನೆಯಲ್ಲಿ 11 ಸಲ ಒಂದೇ ಮಾತು ಇತ್ತು: ‘ಬೋರ್ಡಿನ ಮೇಲಿನದ್ದು ಬರೆದುಕೊಳ್ಳಲು ಹೇಳಿದೆ.’ ಮೂರನೇ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ ಮಾತು: ‘ಹೊರಗೆ ಕಳಿಸಿದೆ’, ‘ಆಫೀಸಿಗೆ ಕಳಿಸಿದೆ’, ‘ಮನೆಗೆ ಕಳಿಸಿದೆ.’

ಶರಣ ಬಂಧುಗಳೇ, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೋರ್ಡು ನೋಡಿ ಬರೆಯುವುದು ಅವನಿಗೆ ಆಗುತ್ತಿರಲಿಲ್ಲ. ಆಗುವುದಿಲ್ಲ ಎಂದು ಹೇಳಲು ಆರು ವರ್ಷದ ಮಗುವಿಗೆ ಮಾತೂ ಇರಲಿಲ್ಲ. ಬರೆಯದಿದ್ದರೆ ಎಲ್ಲರೆದುರು ‘ದಡ್ಡ’ ಎನ್ನಿಸಿಕೊಳ್ಳಬೇಕು. ಕಚ್ಚಿದರೆ ಹೊರಗೆ ಕಳಿಸುತ್ತಾರೆ, ಹೊರಗೆ ಬೋರ್ಡಿಲ್ಲ. ನಾವು ಶಿಕ್ಷೆ ಎಂದು ತಿಳಿದು ಕೊಟ್ಟದ್ದು ಅವನಿಗೆ ಬಿಡುಗಡೆಯಾಗಿತ್ತು. ಕಚ್ಚಿದರೆ ಬಿಡುಗಡೆ ಸಿಗುತ್ತದೆ ಎಂದು ನಾವೇ ಅವನಿಗೆ ಮೂರು ತಿಂಗಳು ಪಾಠ ಹೇಳಿದ್ದೆವು. ಆ ಪಾಠವನ್ನು ಅವನು ಚೆನ್ನಾಗಿಯೇ ಕಲಿತಿದ್ದ.

1991ರ ಹುಡುಗನೂ ಪುಸ್ತಕ ತೆಗೆ ಎಂದಾಗಲೇ ಓಡುತ್ತಿದ್ದ. ಮೂರು ಮನೆಯ ಒಂದು ನೋಟ್‌ಬುಕ್ ಆಗ ನನ್ನ ಹತ್ತಿರ ಇದ್ದಿದ್ದರೆ!

ನೋಟ್‌ಬುಕ್ ತೆಗೆದುಕೊಂಡು ಮಗ ಶಾಲೆಯ ಆಡಳಿತದವರ ಹತ್ತಿರ ಹೋದ. ‘ಡಾಕ್ಟರ್ ಸರ್ಟಿಫಿಕೇಟ್ ತರ್ರಿ, ನೋಡೋಣು’ ಎಂದರು. ಒಂದು ವಾರದ ಮೇಲೆ, ‘ಉಳಿದ ಪಾಲಕರು ತಕರಾರು ಮಾಡಾಕತ್ಯಾರ, ನೀವಾಗೇ ಟಿ.ಸಿ. ತಗೊಂಡ್ರ ಇಬ್ಬರಿಗೂ ಚಲೋ’ ಎಂದರು. ಕಾನೂನು ನನಗೆ ಗೊತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ತೆಗೆದುಹಾಕುವಂತಿಲ್ಲ, ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೊಡುವಂತಿಲ್ಲ, ಸೇರಿಸಿಕೊಳ್ಳುವಾಗ ಸಂದರ್ಶನ ಮಾಡಿ ಆರಿಸುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಮು, ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಕಲಿಕೆಯ ತೊಡಕನ್ನು ಆದಷ್ಟು ಬೇಗ ಗುರುತಿಸಬೇಕು, ಕಲಿಸುವ ರೀತಿಯನ್ನು ಅದಕ್ಕೆ ಹೊಂದಿಸಬೇಕು ಎನ್ನುತ್ತದೆ. ತೊಡಕು ಗುರುತಿಸುವುದು ಶಾಲೆಯ ಕೆಲಸ. ಸರ್ಟಿಫಿಕೇಟ್ ತಂದ ಮೇಲೆ ನೋಡುತ್ತೇವೆ ಎಂಬ ಮಾತು ಉಲ್ಟಾ ಮಾತು.

ಇಷ್ಟೆಲ್ಲ ಗೊತ್ತಿದ್ದೂ ನಾವು ಜಗಳ ಮಾಡಲಿಲ್ಲ. ಯಾಕೆ ಎಂದು ಕೇಳುತ್ತೀರಿ. ನಡೆಸುವವರು ನಮ್ಮವರೇ, ಬೀಗಸ್ತನದ ಬಳಕೆ, ನಾಳೆ ಒಂದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕೂಡಬೇಕು. ‘ಬ್ಯಾಡವ್ವ, ಮಂದಿ ಮುಂದ ಹುಡುಗನ ಹೆಸರು ಬರ್ತೈತಿ’ ಎಂದ ಮಗ. ಟಿ.ಸಿ. ತಂದೆವು. ಇದು ಸರಿಯಾಯಿತು ಎಂದು ನಾನು ಹೇಳುವುದಿಲ್ಲ. ನಮ್ಮ ಹಿಂದೆ ಬರುವ ಮಗುವಿಗೂ ಅವರು ಅದೇ ಮಾತು ಹೇಳುತ್ತಾರೆ, ಆ ಪಾಪದಲ್ಲಿ ನಮ್ಮದೂ ಪಾಲಿದೆ.

ನಮ್ಮ ಓಣಿಯ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಅವನನ್ನು ಹಚ್ಚಿದೆವು. ಬೀಗರ ಮುಂದೆ ಮಗನಿಗೆ ಅವಮಾನವಾಯಿತು, ಆಗಲಿ. ಅಲ್ಲಿ ನಮಗೆ ಒಂದು ಅನುಕೂಲ ಮೊದಲೇ ಇತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿಕಲಿ ಪದ್ಧತಿ ನಿಮಗೆ ಗೊತ್ತು. ಒಂದರಿಂದ ಮೂರರವರೆಗಿನ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ಮೆಟ್ಟಿಲು ಏರುತ್ತಾರೆ. ಬೋರ್ಡು ನೋಡಿ ಎಲ್ಲರೂ ಒಂದೇ ಸಲಕ್ಕೆ ಬರೆಯುವ ಕೆಲಸ ಕಡಿಮೆ. ಇಂಗ್ಲಿಷ್ ಶಾಲೆಗೆ ದುಡ್ಡು ಕೊಟ್ಟು ನಾವು ಕೊಂಡುಕೊಂಡದ್ದು ಆ ಬೋರ್ಡನ್ನೇ!

ಈ ಸಲ ನಾನು ಬಾಯಿಮಾತಿಗೆ ನಿಲ್ಲಲಿಲ್ಲ. ಮುಖ್ಯಗುರುಗಳಿಗೆ ಅರ್ಜಿ ಬರೆದು, ದಿನಾಂಕ ಹಾಕಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಶಿಕ್ಕಾ ತೆಗೆದುಕೊಂಡೆ. ಇಲ್ಲಿರುವ ತಾಯಂದಿರಿಗೆ ಈ ಒಂದು ಮಾತು ನೆನಪಿರಲಿ. ಬಾಯಿಮಾತಿನ ವಿನಂತಿ ಮುಖ್ಯಗುರುಗಳ ವರ್ಗಾವಣೆಯ ಜೊತೆ ವರ್ಗವಾಗಿ ಹೋಗುತ್ತದೆ, ಕಾಗದ ಉಳಿಯುತ್ತದೆ. ಅರ್ಜಿಯಲ್ಲಿ ರೋಗದ ಹೆಸರು ಬೇಕಿಲ್ಲ. ‘ನನ್ನ ಮಗುವಿಗೆ ಇಂಥ ಕೆಲಸದಲ್ಲಿ ತೊಡಕಿದೆ, ಸಂಪನ್ಮೂಲ ಶಿಕ್ಷಕರನ್ನು ಕರೆಸಿ ನೋಡಿಸಬೇಕು, ಏನು ಸಹಾಯ ಕೊಡುತ್ತೀರೆಂದು ಬರೆದು ತಿಳಿಸಬೇಕು’ ಎಂದಿದ್ದರೆ ಸಾಕು.

ಹದಿನೈದು ದಿನದಲ್ಲಿ ಮುಖ್ಯಗುರುಗಳು, ತರಗತಿಯ ಅಕ್ಕೋರು, ಸಂಪನ್ಮೂಲ ಶಿಕ್ಷಕಿ, ನನ್ನ ಸೊಸೆ ಕೂತು ಒಂದು ಹಾಳೆ ಮಾಡಿದರು. ಅದರಲ್ಲಿ ದೊಡ್ಡ ಮಾತೇನೂ ಇರಲಿಲ್ಲ. ಅವನು ಅಕ್ಕೋರ ಹತ್ತಿರ, ಬಾಗಿಲಿಗೆ ಬೆನ್ನು ಮಾಡಿ ಕೂಡಬೇಕು. ಹತ್ತು ಅಕ್ಷರ ಬರೆಸುವ ಬದಲು ಮೂರು ಬರೆಸಿ, ಮುಗಿದ ಕೂಡಲೇ ನೋಡಿ ಹೇಳಬೇಕು. ಬೋರ್ಡಿನ ಬದಲು ಅವನ ಮುಂದೆ ಕಾರ್ಡು ಇಡಬೇಕು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವ ಮೊದಲು ಅವನಿಗೆ ಮುಂಚೆಯೇ ಹೇಳಬೇಕು, ದಿಢೀರ್ ಗಂಟೆ ಬಾರಿಸಿ ಎಬ್ಬಿಸಬಾರದು. ಆಗುತ್ತಿಲ್ಲ ಅನಿಸಿದರೆ ಅವನು ಅಕ್ಕೋರ ಮೇಜಿನ ಮೇಲೆ ಒಂದು ಕೆಂಪು ಬಳಪ ಇಡಬೇಕು, ಇಟ್ಟ ಕೂಡಲೇ ಬಿಂದಿಗೆ ನೀರು ನೋಡಿಕೊಂಡು ಬರಲು ಕಳಿಸಬೇಕು. ಕಚ್ಚಿ ಪಡೆಯುತ್ತಿದ್ದ ಬಿಡುಗಡೆಯನ್ನು ಕೇಳಿ ಪಡೆಯುವುದು ಕಲಿಯಲಿ ಎಂಬುದೇ ಆ ಹಾಳೆಯ ಜೀವ. ಕಚ್ಚಿದರೆ? ಕಚ್ಚಿಸಿಕೊಂಡ ಮಗುವನ್ನು ಮೊದಲು ನೋಡಬೇಕು, ಇವನನ್ನು ಬೈಯದೆ ಪಕ್ಕಕ್ಕೆ ಕೂಡಿಸಬೇಕು, ಸಮಾಧಾನವಾದ ಮೇಲೆ ಬಿಟ್ಟ ಮೂರು ಅಕ್ಷರ ಬರೆಸಿಯೇ ಬಿಡಬೇಕು. ಮನೆಗೆ ಮಾತ್ರ ಕಳಿಸಬಾರದು.

ಮೊದಲ ತಿಂಗಳು ಬಳಪ ಇಟ್ಟದ್ದೇ ಇಟ್ಟದ್ದು. ‘ನೀರಿನ ಬಿಂದಿಗಿ ತುಂಬಿ ಚೆಲ್ಲಾಕತ್ತೈತ್ರಿ ಅಕ್ಕೋರ’ ಎಂದು ಅಲ್ಲಿನ ಅಕ್ಕೋರು ನನಗೇ ಫೋನ್ ಮಾಡಿ ನಕ್ಕರು. ಆಮೇಲೆ ಕಡಿಮೆಯಾಯಿತು. ಈಗ ಎರಡನೇ ಇಯತ್ತೆ. ಒತ್ತಕ್ಷರವಿಲ್ಲದ ಸಣ್ಣ ಪದ ಓದುತ್ತಾನೆ, ಒತ್ತು ಬಂದರೆ ನಿಲ್ಲುತ್ತಾನೆ. ಕಳೆದ ತಿಂಗಳು ಕೂಡ ಒಮ್ಮೆ ಕಚ್ಚಿದ್ದಾನೆ. ಗುಣವಾಯಿತು ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಮುಂಜಾನೆ ಶಾಲೆಗೆ ಹೋಗುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಳುವುದು ನಿಂತಿದೆ. ಸೊಸೆಯ ಒಲೆಯ ಮೇಲೆ ರೊಟ್ಟಿ ಸೀಯುತ್ತಿಲ್ಲ.

ಧಾರವಾಡದ ಡಿಮ್ಹಾನ್ಸ್‌ಗೂ ಕರೆದುಕೊಂಡು ಹೋಗಿದ್ದೆವು. ಕೊಪ್ಪಳದಿಂದ ರೈಲಿದೆ, ಕಷ್ಟವಿಲ್ಲ. ಗಮನ ನಿಲ್ಲದಿರುವಿಕೆ ಇದೆ, ಓದು ಬರಹದ ತೊಡಕು ಇರುವಂತೆಯೂ ಕಾಣುತ್ತದೆ, ಆದರೆ ಅದಕ್ಕೆ ಹೆಸರಿಡಲು ಎಂಟು ವರ್ಷ ತುಂಬಲಿ, ಅಲ್ಲಿಯ ತನಕ ಶಾಲೆಯಲ್ಲಿ ಮಾಡುತ್ತಿರುವುದನ್ನೇ ಮುಂದುವರಿಸಿ ಎಂದರು. ಸರ್ಟಿಫಿಕೇಟಿನ ವಿಷಯದಲ್ಲಿ ನಮ್ಮ ಜನರಿಗೆ ಎರಡು ತಪ್ಪು ತಿಳಿವಳಿಕೆ ಇದೆ. ಒಂದು, ಅದು ಬಂದರೆ ಹುಡುಗನ ಹಣೆಗೆ ಹಚ್ಚೆ ಹಾಕಿದಂತೆ, ನಾಳೆ ತಂಗಿಯ ಮದುವೆಗೆ ಅಡ್ಡಿ ಎಂದು. ಇನ್ನೊಂದು, ಅದಿಲ್ಲದೆ ಏನೂ ಸಿಗುವುದಿಲ್ಲ ಎಂದು. 2016ರ ಕಾಯ್ದೆ ಹಿಂದೆ ಇದ್ದ 7 ಬಗೆಯ ವಿಕಲತೆಯನ್ನು 21ಕ್ಕೆ ಏರಿಸಿದೆ. ಆಟಿಸಂ, ಬೌದ್ಧಿಕ ವಿಕಲತೆ, ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿವೆ. ಬರೀ ಅತಿ ಚಟುವಟಿಕೆ, ಗಮನ ನಿಲ್ಲದಿರುವಿಕೆ ಬೇರೆ ಹೆಸರಾಗಿ ಅದರಲ್ಲಿಲ್ಲ. ಯು.ಡಿ.ಐ.ಡಿ. ಕಾರ್ಡಿಗೆ, ಮಾಸಾಶನಕ್ಕೆ, ಮುಂದೆ ಎಸ್.ಎಸ್.ಎಲ್.ಸಿ.ಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕ, ಭಾಷಾ ವಿನಾಯಿತಿ ಇಂಥವಕ್ಕೆ ಪ್ರಮಾಣಪತ್ರ ಬೇಕೇ ಬೇಕು, ವಯಸ್ಸು ಬಂದಾಗ ಮಾಡಿಸಿಕೊಳ್ಳಿ. ಹತ್ತಿರ ಕೂಡಿಸಿ ಮೂರು ಅಕ್ಷರ ಬರೆಸಲು, ಬಡಿಯದೆ ಇರಲು ಯಾವ ಡಾಕ್ಟರ ಸಹಿಯೂ ಬೇಡ.

ಇನ್ನು ಅಂಗನವಾಡಿಯಲ್ಲೇ ತಿಳಿಯುವ ದಾರಿ ಇದೆ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಬಂದ ದಿನ ನಮ್ಮ ತಾಯಂದಿರು ‘ನಮ್ಮ ಕೂಸು ಗಟ್ಟಿಮುಟ್ಟೈತ್ರಿ’ ಎಂದು ಕಳಿಸಿಬಿಡುತ್ತಾರೆ. ಮೂರು ವರ್ಷವಾದರೂ ಮಾತು ಬಂದಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ, ಉಳಿದ ಮಕ್ಕಳ ಜೊತೆ ಕೂಡುವುದಿಲ್ಲ ಎಂಬುದನ್ನು ಆ ದಿನವೇ ಹೇಳಬೇಕು. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಕಾರ್ಡಿನ ಕಾಗದಪತ್ರಕ್ಕೆ ಅವರನ್ನು ಹಿಡಿಯಿರಿ. ತಾಯಿ ಸ್ವತಃ ಕುಸಿದುಹೋಗಿದ್ದರೆ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನನ್ನ ಸೊಸೆ ಒಂದು ರಾತ್ರಿ ಮಾಡಿದ್ದಳು. ನನಗೆ ಹೇಳಿದ್ದು ಎರಡು ತಿಂಗಳ ಮೇಲೆ.

ಈಗ ಪೂಜ್ಯರ ಕ್ಷಮೆ ಕೇಳಿ ಮಠಗಳ ವಿಷಯಕ್ಕೆ ಬರುತ್ತೇನೆ.

ನಮ್ಮ ಸಮಾಜಕ್ಕೆ ಇದು ಹೊಸ ಕೆಲಸವಲ್ಲ. ಪಕ್ಕದ ಗದಗನ್ನು ನೋಡಿ. ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಒಬ್ಬ ಬಡ ಜಂಗಮ ಹುಡುಗನನ್ನು ಕರೆತಂದು ಸಂಗೀತ ಕಲಿಸಿದರು, ಅವರೇ ಪಂಚಾಕ್ಷರಿ ಗವಾಯಿಗಳು. ಅವರ ಕೈಯಲ್ಲಿ ಬೆಳೆದ ಇನ್ನೊಬ್ಬ ಕಣ್ಣಿಲ್ಲದ ಹುಡುಗ ಪುಟ್ಟರಾಜ ಗವಾಯಿಗಳು, 2010ರಲ್ಲಿ ಪದ್ಮಭೂಷಣ ಬಂತು. (ಕುಮಾರಸ್ವಾಮಿಗಳ ಹೆಸರು ಬಂದ ಕೂಡಲೇ ವೀರಶೈವ-ಲಿಂಗಾಯತ ವಾದಕ್ಕೆ ಹೊರಡುವ ಯುವಕರು ಇಲ್ಲಿದ್ದೀರಿ, ನನಗೂ ನಿಮ್ಮ ಕಡೆಯೇ ಒಲವು. ಆದರೆ ಒಳ್ಳೆಯ ಕೆಲಸಕ್ಕೆ ಶರಣು ಅನ್ನೋಣ.) ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಮಕ್ಕಳಿಗೆ ‘ಬೋರ್ಡು ನೋಡು’ ಎಂದು ಯಾರೂ ಹೇಳಲಿಲ್ಲ. ಕಿವಿಯ ಮೂಲಕ ಕಲಿಸಿದರು. ಮಗುವನ್ನು ವಿದ್ಯೆಗೆ ಹೊಂದಿಸಲಿಲ್ಲ, ವಿದ್ಯೆಯ ದಾರಿಯನ್ನು ಮಗುವಿಗೆ ಹೊಂದಿಸಿದರು. ಕಣ್ಣಿಲ್ಲದಿರುವುದು ಕಾಣುತ್ತದೆ, ಅದಕ್ಕೇ ಕರುಣೆ ಬರುತ್ತದೆ. ನನ್ನ ಮೊಮ್ಮಗನಂಥವರ ತೊಡಕು ಕಾಣುವುದಿಲ್ಲ, ಅದಕ್ಕೇ ಸಿಟ್ಟು ಬರುತ್ತದೆ.

2025ರ ಗವಿಮಠದ ಜಾತ್ರೆಯಲ್ಲಿ ವಿಕಲಚೇತನರಿಗಾಗಿ ಜಾಗೃತಿ ನಡಿಗೆ ಆಯಿತು. 2019ರಲ್ಲಿ ಅದೇ ಅಜ್ಜಾರು ಮುಂದೆ ನಿಂತಾಗ ಹಿರೇಹಳ್ಳದ ಹೂಳು, ಜಾಲಿ ಹೇಗೆ ಹೋಯಿತೆಂದು ಈ ಭಾಗದವರು ನೋಡಿದ್ದೀರಿ. ಮಠ ಮನಸ್ಸು ಮಾಡಿದರೆ ಹಳ್ಳವೇ ಹರಿಯುತ್ತದೆ. ನಾನು ಕೇಳುವುದು ಅಷ್ಟು ದೊಡ್ಡದಲ್ಲ.

ನಮ್ಮ ಮಠಗಳು, ನಮ್ಮ ಸಮಾಜದ ಸಂಸ್ಥೆಗಳು ನಡೆಸುವ ಶಾಲೆಗಳಲ್ಲಿ ಇಂಥ ಮಗುವಿನ ಪಾಲಕರಿಗೆ ‘ನೀವಾಗೇ ಟಿ.ಸಿ. ತಗೊಳ್ರಿ’ ಎಂಬ ಮಾತು ಇನ್ನು ಬರಬಾರದು. ಬರುವುದಾದರೆ ಆಡಳಿತ ಮಂಡಳಿ ಕೂತು, ಯಾಕೆ ಎಂದು ಬರೆದು, ಅದರ ಒಂದು ಪ್ರತಿ ಪೂಜ್ಯರ ಕೈ ಸೇರಲಿ. ಬರೆಯಬೇಕಾಗಿ ಬಂದರೆ ಅರ್ಧ ಟಿ.ಸಿ. ತಾವಾಗೇ ನಿಲ್ಲುತ್ತವೆ. ನಮ್ಮ ಶಾಲೆಗಳ ಶಿಕ್ಷಕರಿಗೆ ವರ್ಷಕ್ಕೆರಡು ದಿನ ತರಬೇತಿ ಕೊಡಿಸಿ. ಕೊಪ್ಪಳ ಭಾಗದಲ್ಲಿ ಸಮೂಹ ಸಂಸ್ಥೆಯಂಥವರು ವಿಕಲಚೇತನರ ನಡುವೆ ಬಹಳ ವರ್ಷ ಕೆಲಸ ಮಾಡಿದ್ದಾರೆ, ಕರೆದರೆ ಬರುತ್ತಾರೆ. ಪ್ರಸಾದ ನಿಲಯದಲ್ಲಿ ಸೇರಿಸಿಕೊಳ್ಳುವಾಗ ‘ಹುಡುಗ ಶಾಂತ ಇದಾನಾ’ ಎಂದು ಕೇಳುವುದನ್ನು ಬಿಡಿ. ಇನ್ನೊಂದು, ಇದು ಬಹಳ ಮುಖ್ಯ: ಸಂಪನ್ಮೂಲ ಶಿಕ್ಷಕರು ಇಡೀ ತಾಲ್ಲೂಕಿಗೆ ಬೆರಳೆಣಿಕೆಯವರು. ಯಲಬುರ್ಗಾದ ಅಂಚಿನ ಹಳ್ಳಿಯ ತಾಯಿ ಕೂಲಿ ಬಿಟ್ಟು, ಬಸ್ಸು ಹಿಡಿದು, ಬಸ್ಸಿನಲ್ಲಿ ಕಿರಿಚುವ ಮಗುವನ್ನು ಹೊತ್ತು ತಾಲ್ಲೂಕಿನ ಕೇಂದ್ರಕ್ಕೆ ಎಷ್ಟು ಸಲ ಬಂದಾಳು? ಹೋಬಳಿಗೊಂದು ಮಠ ಇದ್ದೇ ಇದೆ. ತಿಂಗಳಿಗೆರಡು ದಿನ ಒಂದು ಕೋಣೆ, ಒಂದು ಚಾಪೆ, ತಾಯಿ ಮಗುವಿಗೆ ಪ್ರಸಾದ. ಶಿಕ್ಷಕರು ಅಲ್ಲಿಗೇ ಬರುತ್ತಾರೆ, ನಾನು ಕೇಳಿಕೊಂಡು ಬಂದಿದ್ದೇನೆ.

ಭಕ್ತರಿಗೂ ಒಂದು ಮಾತು. ಪೂರ್ವಜನ್ಮದ ಕರ್ಮ ಎಂದು ಆ ತಾಯಿಯ ಮುಂದೆ ಹೇಳಬೇಡಿ. ಹುಟ್ಟಿನಿಂದ ಮನುಷ್ಯನ ಯೋಗ್ಯತೆ ಅಳೆಯುವುದನ್ನು ಒಪ್ಪದೆಯೇ ಶರಣರು ಕಲ್ಯಾಣದಲ್ಲಿ ಅಷ್ಟು ನೋವು ಉಂಡರು. ಕಾಯಿಲೆಗೋ ತೊಡಕಿಗೋ ಜನ್ಮದ ಲೆಕ್ಕ ಹಚ್ಚುವವರು ಯಾವ ಬಾಯಿಂದ ಜಾತಿಯ ಲೆಕ್ಕ ಬೇಡ ಎನ್ನುತ್ತೀರಿ? ತಾಯಿತ ಕಟ್ಟಿದ ನನ್ನ ಮಗನಿಗೂ ಇದನ್ನೇ ಕೇಳಿದೆ. ಅವನೇ ಬಿಚ್ಚಿದ.

ಗರ್ಭದಲ್ಲಿ ಎಂಟನೇ ತಿಂಗಳಿಗೇ ನಮ್ಮ ಕೂಸಿಗೆ ಲಿಂಗಧಾರಣೆ ಮಾಡುತ್ತೇವೆ. ಹುಟ್ಟಿದ ಮೇಲೆ ಅಯ್ಯನವರು ಬಂದು ಕಟ್ಟುತ್ತಾರೆ. ಈ ಕೂಸು ಮಾತಾಡುತ್ತದೋ, ಓದುತ್ತದೋ, ಒಂದು ಕಡೆ ಕೂಡುತ್ತದೋ, ಯಾರನ್ನಾದರೂ ಕಚ್ಚುತ್ತದೋ ಎಂದು ಅಂದು ಯಾರೂ ಕೇಳಲಿಲ್ಲ. ಆರು ವರ್ಷಕ್ಕೆ ಶಾಲೆಯ ಬಾಗಿಲಲ್ಲಿ ಕೇಳಿದೆವು, ಬಸವಣ್ಣನವರ ಫೋಟೋದ ಕೆಳಗೇ ಕೂತು ಕೇಳಿದೆವು.

ಹೊತ್ತಾಯಿತು, ಪ್ರಸಾದದ ಕರೆ ಬರುತ್ತಿದೆ. ಪ್ರಸಾದವಾದ ಮೇಲೆ ನಾನು ದಾಸೋಹ ಮನೆಯ ಹಿಂದಿನ ಬೇವಿನ ಗಿಡದ ಕೆಳಗೆ ಕೂತಿರುತ್ತೇನೆ. ಮೂರು ಮನೆ ಹಾಕಿದ ನೋಟ್‌ಬುಕ್ 40 ತಂದಿದ್ದೇನೆ, ಬೇಕಾದವರು ತೆಗೆದುಕೊಂಡು ಹೋಗಿ. ಅರ್ಜಿ ಬರೆಯಲು ಬಾರದವರು ಮಗುವಿನ ಹೆಸರು, ಊರು, ಶಾಲೆ, ಇಯತ್ತೆ ಹೇಳಿ, ನಾನೇ ಬರೆದು ಕೊಡುತ್ತೇನೆ. ಮಗು ಜೊತೆಗಿದ್ದರೆ ಕರೆದುಕೊಂಡೇ ಬನ್ನಿ. ಗಲಾಟೆ ಮಾಡಿದರೆ ಮಾಡಲಿ.